ಚೆಂಡು ಚರಂಡಿಯಲ್ಲಿ, ಗಡಿಯಾರ ಕೋರ್ಟಿನಲ್ಲಿ

ಬೆಳಿಗ್ಗೆ ಆರು ಗಂಟೆ. ತುಮಕೂರಿನ ಹಳೆಯ ಟೆನಿಸ್ ಕ್ಲಬ್ಬೊಂದರ ಮಣ್ಣಿನ ಕೋರ್ಟಿಗೆ ಅಂಜನಪ್ಪ ಪೈಪು ಹಿಡಿದು ನೀರು ಚಿಮುಕಿಸುತ್ತಿದ್ದಾರೆ. ಮಣ್ಣು ನೀರು ಕುಡಿದ ಮೇಲೆ ರೋಲರ್ ಎಳೆಯಬೇಕು, ಸುಣ್ಣದ ಗೆರೆ ಹಾಕಬೇಕು, ನೆಟ್ ಬಿಗಿಯಬೇಕು. ಗುಬ್ಬಿ ಕಡೆಯಿಂದ ಮೊದಲ ಬಸ್ಸಿಗೆ ಬಂದ ಅವರು ಇನ್ನೂ ಕಾಫಿ ಕುಡಿದಿಲ್ಲ. ಆಗಲೇ ಸದಸ್ಯರೊಬ್ಬರು ಗೇಟಿನಿಂದಲೇ ಕೂಗುತ್ತಾರೆ: "ಇನ್ನೂ ಆಗಿಲ್ವೇನ್ರೀ?" ಈ ಕೆಲಸವಾದರೂ ಉಳಿಯುತ್ತದೆಯೇ ಎಂಬುದು ಭಾನುವಾರ ತೀರ್ಮಾನವಾಗಲಿದೆ. ಯಾಕೆಂದು ಕೇಳಿದರೆ ನಿಮಗೂ ತಲೆ ಕೆಡುತ್ತದೆ.

ಐವತ್ತೆಂಟರ ಅಂಜನಪ್ಪ ಮೊದಲು ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸಕ್ಕಿದ್ದರು. ಅದು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದರು. ಪಂದ್ಯಾವಳಿ ನಡೆದರೆ ಚೆಂಡು ಹೆಕ್ಕಿ ಕೊಡುವವರೂ ಇವರೇ. ದೊಡ್ಡ ಪಂದ್ಯಗಳಲ್ಲಿ ಆ ಕೆಲಸಕ್ಕೆ ಕೋರ್ಟಿನ ಸುತ್ತ ಒಂದು ತಂಡವೇ ನಿಂತಿರುತ್ತದೆ. ಇಲ್ಲಿ ಇಡೀ ತಂಡ ಇವರೊಬ್ಬರೇ. ಬೇಲಿ ಬೇರೆ ಗಿಡ್ಡ. ಹಾರಿದ ಚೆಂಡು ಒಂದು ಕಡೆ ರಸ್ತೆಗೆ, ಇನ್ನೊಂದು ಕಡೆ ಚರಂಡಿಗೆ. "ಮಂಡಿ ನೋವು ಸಾ. ಓಡೋಷ್ಟು ಓಡ್ತೀನಿ. ಚರಂಡಿಗ್ ಬಿದ್ದಿದ್ನ ಒರೆಸ್ದೆ ಕೊಡಕ್ಕಾಯ್ತದಾ?"

ಟೆನಿಸ್‌ನಲ್ಲಿ ಒಂದು ಪಾಯಿಂಟ್ ಮುಗಿದ ಮೇಲೆ ಇಪ್ಪತ್ತೈದು ಸೆಕೆಂಡಿನೊಳಗೆ ಮುಂದಿನ ಸರ್ವ್ ಮಾಡಬೇಕು. ಮೀರಿದರೆ ಮೊದಲು ಎಚ್ಚರಿಕೆ, ಆಮೇಲೆ ಒಂದು ಸರ್ವ್ ಕಟ್. ನಿಯಮ ಬೇಡವೆಂದು ಯಾರೂ ಹೇಳುತ್ತಿಲ್ಲ. ಚೆಂಡು ಕುಟ್ಟುತ್ತಾ, ಬೆವರು ಒರೆಸಿಕೊಳ್ಳುತ್ತಾ ಎದುರಾಳಿಯ ತಾಳ್ಮೆ ಪರೀಕ್ಷಿಸುವವರಿಗೆ ಅದು ಬೇಕೇ ಬೇಕು. ಆದರೆ ಚೆಂಡು ಚರಂಡಿಯಲ್ಲಿರುವಾಗಲೂ ಗಡಿಯಾರ ಓಡಿಸಿದರೆ ಆಟಗಾರ ಏನನ್ನು ಸರ್ವ್ ಮಾಡಬೇಕು, ಗಾಳಿಯನ್ನೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ, ಎಚ್ಚರಿಕೆ ಸಿಕ್ಕವರು ಅಂಪೈರನ್ನು ಬೈಯಲಾರದೆ ಅಂಜನಪ್ಪನವರ ಮೇಲೆ ಹರಿಹಾಯುತ್ತಾರೆ.

ಕಳೆದ ಪಂದ್ಯಾವಳಿಗೆ ಕ್ಲಬ್ಬು ಸತ್ಯಮಂಗಲದ ವರ್ಕ್‌ಶಾಪೊಂದರಲ್ಲಿ ದೊಡ್ಡ ಗಡಿಯಾರ ಮಾಡಿಸಿತು. ರಿಮೋಟ್ ಒತ್ತಿದರೆ ಕೆಂಪು ಅಂಕಿಗಳು ಇಪ್ಪತ್ತೈದರಿಂದ ಸೊನ್ನೆಗೆ ಇಳಿಯುತ್ತವೆ. ಒತ್ತಲು ಇನ್ನೊಬ್ಬರನ್ನು ಇಟ್ಟರೇ? ಇಲ್ಲ, ಅದನ್ನೂ ಅಂಜನಪ್ಪನವರ ಕೈಗೇ ಕೊಟ್ಟರು! ಚೆಂಡಿನ ಹಿಂದೆ ಓಡುವವರೂ ಅವರೇ, ಗಡಿಯಾರ ಓಡಿಸುವವರೂ ಅವರೇ. ಅವರು ತಮಗೆ ಸರಿ ಕಂಡಂತೆ ಮೊದಲು ಚೆಂಡು ಕೊಟ್ಟು, ಆಮೇಲೆ ರಿಮೋಟ್ ಒತ್ತಿದರು. ಫೈನಲ್‌ವರೆಗೆ ಯಾರಿಗೂ ದಂಡವಿಲ್ಲ, ಒಂದು ಜಗಳವಿಲ್ಲ. ಕುಣಿಗಲ್‌ನ ಆಟಗಾರ್ತಿ ಇಂಪನಾ ಹೇಳುತ್ತಾರೆ: "ಅವಾಗ್ಲೇ ಸರ್ ನಾವು ಟೆನ್ಶನ್ ಇಲ್ದೆ ಆಡಿದ್ದು. ಬಾಲ್ ಬಂತು, ಟೈಮ್ ಸ್ಟಾರ್ಟ್ ಆಯ್ತು. ರೂಲ್ ಹಂಗೇ ಇರ್ಬೇಕಲ್ವಾ?"

ಪುರುಷರ ಫೈನಲ್‌ನಲ್ಲಿ ಕ್ಲಬ್ ಕಾರ್ಯದರ್ಶಿ ಸೋಮಶೇಖರ್ ಅವರ ಮಗ ಚೆಂಡು ಸಿಕ್ಕ ಮೇಲೂ ಕುಟ್ಟುತ್ತಲೇ ನಿಂತ. ಅಂಕಿ ಸೊನ್ನೆಗೆ ಬಂತು, ಅಂಪೈರ್ ಎಚ್ಚರಿಸಿದರು. ಮತ್ತೆ ಅದೇ ಚಾಳಿ. ಸರ್ವ್ ಹೋಯಿತು, ಗೇಮ್ ಹೋಯಿತು, ಕಡೆಗೆ ಪಂದ್ಯವೂ ಹೋಯಿತು. ಕಾರ್ಯದರ್ಶಿಗಳಿಗೆ ನಿಯಮ ನೆನಪಾಗಿದ್ದು ಆಗಲೇ. "ಪಾಯಿಂಟ್ ಮುಗಿದ ತಕ್ಷಣ ಒತ್ಬೇಕು ರೀ. ಇಷ್ಟ ಬಂದಾಗ ಒತ್ತೋಕೆ ಇವನ್ಯಾರು?" ಎನ್ನುತ್ತಾರೆ ಅವರು. ಆ ಲೆಕ್ಕದಲ್ಲಿ ನಿಮ್ಮ ಮಗನಿಗೆ ಇನ್ನೂ ಬೇಗ ದಂಡ ಬೀಳಬೇಕಿತ್ತಲ್ಲ ಎಂದರೆ ಫೋನ್ ನೋಡತೊಡಗುತ್ತಾರೆ.

ಈಗ ರಿಮೋಟ್ ಕಾರ್ಯದರ್ಶಿಗಳ ಕೈಯಲ್ಲಿ, ಶಾಮಿಯಾನದ ನೆರಳಿನಲ್ಲಿದೆ. ಕಳೆದ ವಾರದ ಪಂದ್ಯದಲ್ಲಿ ಅಂಜನಪ್ಪ ಚರಂಡಿಗೆ ಇಳಿದಿದ್ದಾಗಲೇ ಎರಡು ಸಲ ಸೊನ್ನೆ ಬಂದು ಇಂಪನಾ ಒಂದು ಸರ್ವ್ ಕಳೆದುಕೊಂಡರು. ನಿಯಮ ತಿದ್ದಿ ಎಂದು ಇಂಪನಾ ಬಾಯಿಬಿಟ್ಟು ಕೇಳಿದರೂ ಕ್ಲಬ್ಬು ಕಿವಿಗೆ ಹಾಕಿಕೊಳ್ಳಲಿಲ್ಲ. ಬದಲಿಗೆ, ಭಾನುವಾರದ ಸಭೆಯಲ್ಲಿ ಫೈನಲ್ ದಿನದ್ದಕ್ಕೆ ಅಂಜನಪ್ಪ ಎಲ್ಲರೆದುರು ಕ್ಷಮೆ ಕೇಳಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದಿದೆ. ಕೇಳಿದರೆ ಮೈ ಉರಿಯುತ್ತದೆ. ಹೆಂಡತಿ ಮಹಾಲಕ್ಷ್ಮಮ್ಮನವರಿಗೂ ಸಾಕಾಗಿದೆ: "ತಪ್ಪಾಯ್ತು ಅಂದ್ಬುಡಿ, ಅತ್ಲಾಗ್ ಮುಗೀತದೆ ಅಂದೆ. ಮಕ ತಿರುಗಿಸ್ಕೊಂಡ್ ಮಲಗ್ಬುಟ್ರು."

ಸಭೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳುತ್ತೇನೆ. ಅಂಜನಪ್ಪ ರೋಲರ್ ಎಳೆಯುತ್ತಲೇ ಮಾತಾಡುತ್ತಾರೆ. "ರಿಮೋಟ್ ಅವ್ರೇ ಮಡಿಕ್ಕೊಳ್ಳಿ. ಬಾಲ್ ಕೈಗ್ ಸೇರಿದ್ಮೇಲೆ ಒತ್ರಪ್ಪಾ ಅಂತ ಕೇಳ್ತೀನಿ, ಅಷ್ಟೇಯ."

ಹಾಗಾದರೆ ಕ್ಷಮೆ?

ರೋಲರ್ ನಿಲ್ಲುತ್ತದೆ. "ನಾನ್ ತಡ ಮಾಡ್ದಾಗೆಲ್ಲ ತಪ್ಪಾಯ್ತು ಅಂದಿವ್ನಿ ಸಾ. ಅವತ್ತು ತಡ ಮಾಡಿದ್ದು ಆ ಹುಡ್ಗ. ಬಾಲು ಅವನ ಕೈಲೇ ಇತ್ತು."