ಅಕ್ಕನ ಕುರಿಹೆಜ್ಜೆ ಟೊಪ್ಪಿಗೆ

ನಾನು ಚಿಕ್ಕವನಿದ್ದಾಗ ಒಂದು ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಹಲ್ಲು ಉದುರಿವೆ, ಕೂದಲು ಬೆಳ್ಳಗಾಗಿದೆ, ಆ ಸಿಟ್ಟು ಮಾತ್ರ ಹಾಗೇ ಇದೆ ಎಂದರೆ ನೀವು ನಗುತ್ತೀರಿ. ನಗಿ, ಮಕ್ಕಳೇ. ಆದರೆ ಮೊದಲು ಕೇಳಿ. ಕೇಳಿದ ಮೇಲೆ ನಿಮಗೂ ಸಿಟ್ಟು ಬರುತ್ತದೋ ಇಲ್ಲವೋ ನೋಡೋಣ.

ನಮ್ಮದು ಸಂತೆಕಲ್ಲೂರು. ಅಪ್ಪ ಕುರಿ ಕಾಯುತ್ತಿದ್ದ. ನಮ್ಮ ಮನೆಯಲ್ಲಿ ಎಲ್ಲಿ ಕೈ ಇಟ್ಟರೂ ಉಣ್ಣೆ ಸಿಗುತ್ತಿತ್ತು. ಹೊದಿಕೆಯಲ್ಲಿ ಉಣ್ಣೆ, ಅಟ್ಟದ ಮೇಲೆ ಉಣ್ಣೆ, ಕೆಲವೊಮ್ಮೆ ರೊಟ್ಟಿಯಲ್ಲೂ ಒಂದು ಎಳೆ. ಮಳೆಗಾಲದಲ್ಲಿ ಒದ್ದೆ ಕುರಿಯ ವಾಸನೆ, ಚಳಿಗಾಲದಲ್ಲಿ ಒಲೆಯ ಹೊಗೆಯ ವಾಸನೆ ಆ ಉಣ್ಣೆಗೆ ಹತ್ತಿಕೊಳ್ಳುತ್ತಿತ್ತು. ಅಪ್ಪ ಕುರಿಗಳ ಹಿಂದೆ ನಡೆಯುತ್ತಲೇ ಕದಿರು ತಿರುಗಿಸಿ ನೂಲು ತೆಗೆಯುತ್ತಿದ್ದ. ಬಾಯಿ ಸುಮ್ಮನಿರುತ್ತಿತ್ತು, ಕೈ ಸುಮ್ಮನಿರುತ್ತಿರಲಿಲ್ಲ. ಅವನು ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ.

ಊರಿನ ದವಾಖಾನೆಗೆ ಬಂದಿದ್ದ ನರ್ಸಬಾಯಿ ಬಣ್ಣಬಣ್ಣದ ಮಿಲ್ಲಿನ ಉಲನ್ ತಂದು ಸ್ವೆಟರ್ ಹೆಣೆಯುತ್ತಿದ್ದಳು. ಅಕ್ಕ ಅವಳ ಮುಂದೆ ಕುಳಿತು ಸೀದಾ ಕುಣಿಕೆ, ಉಲ್ಟಾ ಕುಣಿಕೆ ಎರಡನ್ನೂ ಕಲಿತಳು. ಹೆಣೆಯುವ ಕಡ್ಡಿ ಕೊಳ್ಳುವುದು ನಮ್ಮಿಂದ ಆಗದ ಮಾತು. ಅಪ್ಪ ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಕಡ್ಡಿಗಳನ್ನು ತಂದು, ಬಟ್ಟೆ ಒಗೆಯುವ ಕಲ್ಲಿಗೆ ತುದಿ ಉಜ್ಜಿ ಕೊಟ್ಟ. ಆ ಕರಕರ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

ಚಳಿಗಾಲದಲ್ಲಿ ಗೊಬ್ಬರಕ್ಕಾಗಿ ಕುರಿಗಳನ್ನು ರಾತ್ರಿ ಬೇರೆಯವರ ಹೊಲದಲ್ಲಿ ಕೂಡಿಹಾಕಿ ತರುಬುತ್ತಿದ್ದರು. ಅಪ್ಪನೂ ಅಲ್ಲೇ ಬಯಲಲ್ಲಿ ಮಲಗುತ್ತಿದ್ದ. ಎರೆಹೊಲದ ಮೇಲಿಂದ ಬೀಸುವ ಗಾಳಿಗೆ ಅವನ ಕಿವಿ ನೋಯುತ್ತಿತ್ತು. ಅದಕ್ಕೇ ಅಕ್ಕ ಕಿವಿಯ ಮೇಲೆ ಇಳಿದು, ಕುತ್ತಿಗೆಯನ್ನೂ ಮುಚ್ಚುವ ಟೊಪ್ಪಿಗೆ ಹೆಣೆದಳು. ಅಂಥದ್ದನ್ನು ಅವಳು ಎಲ್ಲಿಯೂ ನೋಡಿರಲಿಲ್ಲ. ನಮ್ಮ ಕುರಿಯ ಉಣ್ಣೆ ಮುಳ್ಳಿನಂತೆ ಚುಚ್ಚುತ್ತದೆ ಎಂದು ಒಳಗೆ ಅವ್ವನ ಹಳೆಯ ಸೀರೆಯ ಬಟ್ಟೆ ಕೊಟ್ಟು ಹೊಲಿದಳು.

ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ಒಂದು ಬೆಳಿಗ್ಗೆ ಹಳ್ಳದ ದಂಡೆಯ ಹಸಿ ಮಣ್ಣಿನಲ್ಲಿ ಕುರಿಗಳ ಹೆಜ್ಜೆ ಮೂಡಿದ್ದವು. ಒಂದೊಂದು ಹೆಜ್ಜೆಯೂ ಬೇಳೆ ಒಡೆದಂತೆ ಎರಡು ಹೋಳು. ಅಕ್ಕ ಕೊಡ ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು. ಮನೆಗೆ ಬಂದವಳೇ ಕಲ್ಲುಹಾಸಿನ ಮೇಲೆ ಬಿಳಿಜೋಳ, ಕೆಂಪು ತೊಗರಿ ಇಟ್ಟು ಸಾಲು ಮಾಡತೊಡಗಿದಳು. ಬಿಳಿ ಕಾಳಿಗೆ ಬಿಳಿ ನೂಲಿನ ಕುಣಿಕೆ, ಕೆಂಪು ಕಾಳಿಗೆ ಕರಿ ನೂಲಿನದು. ಸಾಲು ಮುಗಿಯುವುದರೊಳಗೆ ಕೋಳಿ ಬಂದು ಅರ್ಧ ಹೆಜ್ಜೆ ತಿಂದುಹೋಯಿತು. ಅಕ್ಕ ಕಿರುಚಿದ ರಭಸಕ್ಕೆ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹೆಣೆಯುವುದು, ಬಿಚ್ಚುವುದು, ಮತ್ತೆ ಹೆಣೆಯುವುದು ಹೀಗೇ ನಡೆದು, ಕೊನೆಗೊಂದು ದಿನ ಟೊಪ್ಪಿಗೆಯ ಸುತ್ತ ಕುರಿಗಳು ನಡೆದುಹೋದಂತೆ ಹೆಜ್ಜೆಗಳು ಮೂಡಿದವು. ಮೊದಲನೆಯದನ್ನು ಅಪ್ಪನಿಗೆ ಕೊಟ್ಟಳು, ಎರಡನೆಯದನ್ನು ನನಗೆ. ನನ್ನದಕ್ಕೆ ಗದ್ದದ ಕೆಳಗೆ ಕಟ್ಟಲು ನೀಲಿ ಲಾಡಿ ಇತ್ತು.

ಓಣಿಯ ಹೆಂಗಸರು ಬಂದರು. ಅಕ್ಕ ಯಾರಿಗೂ ಇಲ್ಲವೆನ್ನಲಿಲ್ಲ. ಓದು ಬರದ ಅವರೆಲ್ಲ ಕಾಳಿನ ಸಾಲಿನ ಮೇಲೆ ಬೆರಳಿಟ್ಟು ಕಲಿತರು.

ನಮ್ಮ ಕುರಿ ತರುಬಿದ್ದ ಹೊಲದ ಧಣಿಗಳ ಹೆಂಡತಿಯನ್ನು ಎಲ್ಲರೂ ಅಮ್ಮಾವರು ಎನ್ನುತ್ತಿದ್ದರು. ಅವರ ಮನೆ ಲಿಂಗಸುಗೂರಿನಲ್ಲಿತ್ತು. ಅಲ್ಲಿ ಹೆಂಗಸರಿಗೆ ಹೊಲಿಗೆ, ಹೆಣಿಗೆ ಕಲಿಸುವ ಮಂಡಳಿಯೊಂದನ್ನು ನಡೆಸುತ್ತಿದ್ದರು. ಹೊಲ ನೋಡಲು ಬಂದವರು ಅಪ್ಪನ ತಲೆಯ ಮೇಲಿನ ಟೊಪ್ಪಿಗೆ ನೋಡಿ ನಮ್ಮ ಮನೆಗೇ ಬಂದರು. ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಅವರು ಮಧ್ಯಾಹ್ನವಿಡೀ ಕೂತು, ಕಾಳಿನ ಸಾಲನ್ನು ತಿಳಿದುಕೊಂಡರು. ಹೋಗುವಾಗ, "ಒಂದು ಟೊಪ್ಪಿಗಿ ಕೊಡವ್ವ. ನಮ್ಮ ಮಂಡಳಿ ಹೆಣ್ಮಕ್ಕಳಿಗೆ ತೋರಸ್ತೀನಿ" ಎಂದರು. ಮನೆಯಲ್ಲಿ ಬೇರೆ ಟೊಪ್ಪಿಗೆ ಇರಲಿಲ್ಲ. ಅಕ್ಕ ನನ್ನ ತಲೆಯ ಮೇಲಿನದನ್ನೇ ತೆಗೆದು ಕೊಟ್ಟಳು. ಅಷ್ಟು ದೊಡ್ಡವರು ತನ್ನ ಕೆಲಸ ಕೇಳಿದರಲ್ಲ ಎಂದು ಅವಳ ಮುಖ ಅರಳಿತ್ತು.

ಮುಂದಿನ ಚಳಿಗಾಲ ಬಂದಾಗ, ಲಿಂಗಸುಗೂರಿನಲ್ಲಿ ಕೈಕೆಲಸದ ಪ್ರದರ್ಶನ ಇದೆ ಎಂದು ನರ್ಸಬಾಯಿ ಹೇಳಿದಳು. ಯಾರು ಬೇಕಾದರೂ ತಮ್ಮ ಕೆಲಸ ತಂದು ಇಡಬಹುದಂತೆ. ಅಕ್ಕ ಓಣಿಯ ಹೆಂಗಸರು ಹೆಣೆದ ಟೊಪ್ಪಿಗೆಗಳನ್ನೆಲ್ಲ ಚೀಲಕ್ಕೆ ತುಂಬಿದಳು. ಅಪ್ಪನಿಗೂ ಕುರಿಗಳ ಔಷಧ ತರುವುದಿತ್ತು. ಮೂವರೂ ಬಸ್ಸು ಹತ್ತಿದೆವು. ಅಕ್ಕ ಜಡೆಗೆ ಎಣ್ಣೆ ಹಾಕಿ, ಹೊಸ ಲಂಗ ಉಟ್ಟಿದ್ದಳು. ದಾರಿಯುದ್ದಕ್ಕೂ ಚೀಲವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಶಾಲೆಯ ಬಯಲಲ್ಲಿ ಶಾಮಿಯಾನ ಹಾಕಿದ್ದರು. ಎಣ್ಣೆಯಲ್ಲಿ ಕರಿಯುವ ಮಿರ್ಚಿ ಭಜ್ಜಿಯ ವಾಸನೆ, ಮೈಕಿನ ಗದ್ದಲ. ಎಲ್ಲಕ್ಕಿಂತ ಹೆಚ್ಚು ಜನ ಅಮ್ಮಾವರ ಮಂಡಳಿಯ ಮಳಿಗೆಯ ಮುಂದೆ ಇದ್ದರು. ಕೆಂಪು ಬಟ್ಟೆಯ ಮೇಲೆ ಹಸಿರು, ಗುಲಾಬಿ, ಹಳದಿ ಮಿಲ್ಲಿನ ಉಲನ್ನಿನ ಟೊಪ್ಪಿಗೆಗಳು. ಎಲ್ಲದರ ಮೇಲೂ ಕುರಿಹೆಜ್ಜೆ. ನಡುವೆ ಒಂದು ಕೋಲಿನ ತುದಿಗೆ ನನ್ನ ಟೊಪ್ಪಿಗೆ ಕೂತಿತ್ತು. ನೀಲಿ ಲಾಡಿ ಗಾಳಿಗೆ ಆಡುತ್ತಿತ್ತು.

ಮೇಲೊಂದು ಬೋರ್ಡು ಇತ್ತು. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ನಾನು ಆಗಷ್ಟೇ ಕಲಿತಿದ್ದೆ.

"ನನ್ನ ಹೆಸರು ಬರದಾರೇನು ನೋಡು" ಎಂದಳು. ಅವಳ ದನಿಯಲ್ಲಿ ಎಷ್ಟು ಸಂತೋಷವಿತ್ತು ಎಂದರೆ, ಅದು ಈಗ ನೆನಪಾದರೂ ನನ್ನ ಮೈ ಉರಿಯುತ್ತದೆ.

ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಕುರಿಹೆಜ್ಜೆ ಟೊಪ್ಪಿಗೆ. ನಮ್ಮ ಮಂಡಳಿಯ ಸ್ವಂತ ವಿನ್ಯಾಸ. ಮೊದಲ ಬಹುಮಾನ."

"ಆಮ್ಯಾಲ?"

"ಅಷ್ಟೇ ಐತಿ."

"ಸರಿಯಾಗಿ ಓದು. ಕೆಳಗ ಸಣ್ಣ ಅಕ್ಷರದಾಗ ಇರಬೇಕು."

ಕೆಳಗೆ ಏನೂ ಇರಲಿಲ್ಲ.

ಅಮ್ಮಾವರು ನಮ್ಮನ್ನು ಕಂಡು ನಕ್ಕರು. "ಬಂದ್ಯೇನವ್ವ? ನೋಡು, ಎಷ್ಟು ಚಂದ ಆಗ್ಯಾವು."

ಅಕ್ಕ ಮೆಲ್ಲಗೆ ಕೇಳಿದಳು. "ಅಮ್ಮಾ, ಇದು ನಾ ಮಾಡಿದ ಹೆಜ್ಜಿ ಅಲ್ರೀ?"

"ಕುರಿಹೆಜ್ಜಿ ನಿಂದು ಹೆಂಗಾಗ್ತೈತಿ? ಅದು ಕುರೀದು!" ಎಂದರು ಅಮ್ಮಾವರು. ಸುತ್ತ ನಿಂತವರೆಲ್ಲ ಗೊಳ್ಳನೆ ನಕ್ಕರು. ಆಮೇಲೆ ಅವರ ಕಣ್ಣು ನಮ್ಮ ಚೀಲದ ಮೇಲೆ ಬಿತ್ತು. "ಇವನ್ನ ಇಲ್ಲಿ ಇಡಬ್ಯಾಡ. ನಮ್ಮದನ್ನ ನೋಡಿ ನೀವು ಕಾಪಿ ಹೊಡದೀರಿ ಅಂತಾರ ಮಂದಿ."

ಅಕ್ಕ ಚೀಲವನ್ನು ಎದೆಗೆ ಅವಚಿಕೊಂಡಳು. ನನಗೆ ಸಿಟ್ಟು ಬಂತು. "ಕಳ್ಳಿ! ಆ ಟೊಪ್ಪಿಗಿ ನಂದು!" ಎಂದು ಕೂಗಿ, ಹಾರಿ ಆ ಕೋಲನ್ನು ಹಿಡಿದೆ. ಕೋಲು ವಾಲಿತು. ಟೊಪ್ಪಿಗೆ ಕೈಗೆ ಸಿಗುವಷ್ಟರಲ್ಲಿ ನನ್ನ ಕೆನ್ನೆಗೆ ಏಟು ಬಿತ್ತು.

ಹೊಡೆದವನು ಅಪ್ಪ. ಅಲ್ಲಿಯವರೆಗೆ ಒಮ್ಮೆಯೂ ನನ್ನ ಮೇಲೆ ಕೈ ಮಾಡದ ಅಪ್ಪ. ಹೊಡೆದು, ಅದೇ ಕೈಗಳನ್ನು ಅಮ್ಮಾವರಿಗೆ ಮುಗಿದ. "ತಪ್ಪಾತ್ರೀ ಅಮ್ಮಾ. ಹುಡುಗರು. ಇವಕ್ಕ ತಿಳಿಯಂಗಿಲ್ಲ."

ವಾಪಸು ಬಸ್ಸು ಹತ್ತಿದೆವು. ಅಪ್ಪ ಕಾಗದದ ಪೊಟ್ಟಣದಲ್ಲಿ ಮಿರ್ಚಿ, ಮಂಡಕ್ಕಿ ಕೊಡಿಸಿದ್ದ. ಹಸಿವಾಗಿದ್ದರೂ ನಾನು ಮುಟ್ಟಲಿಲ್ಲ. ಕೆನ್ನೆ ಉರಿಯುತ್ತಿತ್ತು. ಅಪ್ಪನ ಪಕ್ಕ ಜಾಗವಿದ್ದರೂ ನಾನು ನಿಂತೇ ಬಂದೆ.

ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕಾಯುತ್ತಿದ್ದಳು. ಸಾಲಗುಂದದವಳು. ಬಗಲಲ್ಲಿ ಕೂಸು, ಕೈಯಲ್ಲಿ ಅರ್ಧ ಹೆಣೆದ ಟೊಪ್ಪಿಗೆ. ಕುರಿ ಕಾಯುವ ತಮ್ಮನಿಗಾಗಿ ಹೆಣೆಯುತ್ತಿದ್ದಳಂತೆ. ಕಿವಿಯ ಹತ್ತಿರ ಬಂದು ಕುಣಿಕೆಗಳ ಲೆಕ್ಕ ತಪ್ಪಿತ್ತು. ಯಾರೋ ಅಕ್ಕನ ಮನೆ ತೋರಿಸಿ ಕಳಿಸಿದ್ದರು.

ಅಕ್ಕ ಅವಳ ಮುಖವನ್ನೂ ನೋಡಲಿಲ್ಲ. "ನಾ ಯಾರಿಗೂ ಏನೂ ಹೇಳಿ ಕೊಡಂಗಿಲ್ಲ. ಹೋಗು" ಎಂದು ಒಳಗೆ ಹೋದಳು. ಜೋಳ, ತೊಗರಿಯ ಬುಟ್ಟಿಯನ್ನು ಎತ್ತಿ ಅಂಗಳಕ್ಕೆ ಚೆಲ್ಲಿದಳು. ಕೋಳಿಗಳು ಓಡಿ ಬಂದವು. ಆ ಹೆಂಗಸು ಕೂಸನ್ನು ಎತ್ತಿಕೊಂಡು ನಡೆದುಬಿಟ್ಟಳು.

ನಾನು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಮೊದಲು ಅಪ್ಪನ ಕಡೆ ತಿರುಗಿದಳು. "ಕೈ ಮುಗದ್ಯಾ? ನಮ್ಮ ಮನ್ಯಾಗ ಉಂಡು ನಮ್ಮ ಕೂಸಿನ ಕೆಲಸ ಕದ್ದಾಕಿಗೆ ನೀ ಕೈ ಮುಗದ್ಯಾ?"

"ಅವರ ಹೊಲದಾಗ ಕುರಿ ಅದಾವು" ಎಂದ ಅಪ್ಪ. "ನಾಳೆ ಎಬ್ಬಿಸಿದ್ರ ಎಲ್ಲಿಗೆ ಹೊಡಕೊಂಡು ಹೋಗ್ಲಿ?"

ಅವ್ವ ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು. ಆಮೇಲೆ ಅಕ್ಕನ ಮುಂದೆ ಹೋಗಿ ನಿಂತಳು.

"ಕದ್ದಾಕಿ ಲಿಂಗಸುಗೂರಾಗ ಕುಂತಾಳ. ಈಕಿ ಏನ್ ಕದ್ದಾಳ? ಬಗಲಾಗ ಕೂಸು ಕಟಗೊಂಡು ಬಂದಾಕಿಗೆ ಒಂದು ತಂಬಿಗಿ ನೀರೂ ಕೊಡದಂಗ ಕಳಿಸಿದ್ಯಲ್ಲ! ಸಿಟ್ಟು ಬಂದ್ರ ಬರ್ಲಿ. ನನಗೂ ಬಂದೈತಿ. ಖರೇ ಯಾರ ಮ್ಯಾಲ ಅಂತ ನೋಡ್ಕೋ."

ಅಕ್ಕ ಆಗ ಅತ್ತಳು. ಅದು ಅಳುವಿನಂತೆ ಇರಲಿಲ್ಲ, ಚೀರಿದಂತಿತ್ತು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಸಾಕಾಗುವಷ್ಟು ಅತ್ತು, ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಬಸ್ಸು ನಿಲ್ಲುವ ರಸ್ತೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ಆ ಹೆಂಗಸಿನ ಕೂಸನ್ನು ತಾನೇ ಎತ್ತಿಕೊಂಡು ವಾಪಸು ಬಂದಳು.

ಅಂಗಳದಲ್ಲಿ ಕೋಳಿಗಳು ಬಿಟ್ಟಿದ್ದ ಕಾಳುಗಳನ್ನೇ ಬಳಿದು ತಂದು ಕಿವಿಯ ಹತ್ತಿರದ ಸಾಲು ಹಾಕಿ ತೋರಿಸಿದಳು. ಕಲಿಸಿ ಮುಗಿದ ಮೇಲೆ ಅವಳ ಕೈ ಹಿಡಿದು ಹೇಳಿದಳು. "ನೀ ಯಾರಿಗೆ ಬೇಕಾದ್ರೂ ಕಲಿಸು. ಖರೇ ಯಾರ ಕಡೆ ಕಲ್ತಿ ಅಂತ ಹೇಳಬೇಕು. ನಿನ್ನ ಕಡೆ ಕಲ್ತಾಕೀನೂ ಹೇಳಬೇಕು. ಹೇಳಲಿಲ್ಲ ಅಂದ್ರ ನಾನೇ ಸಾಲಗುಂದಕ್ಕ ಬಂದು ನಿನ್ನ ಟೊಪ್ಪಿಗಿ ಬಿಚ್ಚತೀನಿ ನೋಡು."

ಅವಳು ನಕ್ಕಳು. "ಯಾಕ ಹೇಳಂಗಿಲ್ಲ? ಸಂತೆಕಲ್ಲೂರಕ್ಕನ ಹೆಜ್ಜಿ ಅಂತ ಊರ ತುಂಬ ಹೇಳ್ತೀನಿ ಬಿಡವ್ವ."

ಅಂದಿನಿಂದ ಯಾರು ಕಲಿಯಲು ಬಂದರೂ ಅಕ್ಕ ಇದೇ ಮಾತು ಹೇಳಿದಳು. ಕುರಿ ಕಾಯುವವರು ಒಂದೇ ಊರಲ್ಲಿ ಇರುವವರಲ್ಲ. ಮಸ್ಕಿಯ ಸಂತೆಗೆ, ಸಿಂಧನೂರಿನ ಕಡೆಗೆ, ಕಾಲುವೆಯ ಊರುಗಳಿಗೆ ಆ ಟೊಪ್ಪಿಗೆ ತಲೆಗಳ ಮೇಲೆ ನಡೆದುಹೋಯಿತು. ಅದರ ಜೊತೆಗೆ 'ಸಂತೆಕಲ್ಲೂರಕ್ಕನ ಹೆಜ್ಜಿ' ಎಂಬ ಹೆಸರೂ ಹೋಯಿತು.

ಇನ್ನು ಅಪ್ಪನದು. ಆ ಚಳಿ ಮುಗಿಯುವ ಮುಂಚೆ ಒಂದು ದಿನ ಧಣಿಗಳು ಹೊಲಕ್ಕೆ ನೆಂಟರನ್ನು ಕರೆತಂದಿದ್ದರು. ನಾನು ಅಪ್ಪನಿಗೆ ಬುತ್ತಿ ಒಯ್ದಿದ್ದೆ. ಅಪ್ಪನ ತಲೆ ತೋರಿಸಿ ಅವರು ನೆಂಟರಿಗೆ ಹೇಳಿದರು. "ನೋಡ್ರೀ, ಬಹುಮಾನ ಬಂದ ಟೊಪ್ಪಿಗಿ ಇದೇ. ನಮ್ಮ ಮನಿಯಾಕಿ ಮಾಡಿದ್ದು."

ಅಪ್ಪನ ಕೈಯಲ್ಲಿ ತಿರುಗುತ್ತಿದ್ದ ಕದಿರು ನಿಂತಿತು. "ಅಲ್ರೀ ಧಣಿ" ಎಂದ. "ನನ್ನ ಮಗಳು ಮಾಡಿದ್ದು."

ದನಿ ಏರಿಸಲಿಲ್ಲ. ಧಣಿಗಳ ಮುಖ ಕೆಂಪಾಯಿತು. ಮರುದಿನ ಬೆಳಿಗ್ಗೆಯೇ ಕುರಿ ಎಬ್ಬಿಸಲು ಹೇಳಿ ಕಳಿಸಿದರು. ಅಪ್ಪ ಮಂದೆಯನ್ನು ಹೊಡೆದುಕೊಂಡು ವಳಕಮದಿನ್ನಿಯ ಕಡೆ, ಕೊಯ್ದ ಭತ್ತದ ಗದ್ದೆಗಳಿಗೆ ಹೋದ. ದಾರಿಯಲ್ಲಿ ಎಳೆಯ ಮರಿಗಳು ಸತ್ತವು. ಆ ವರ್ಷ ನಮಗೆ ಕಷ್ಟವಾಯಿತು. ಆದರೆ ಅಪ್ಪನ ಮೇಲಿನ ನನ್ನ ಸಿಟ್ಟು ಆ ಹೊಲದಲ್ಲೇ ಇಳಿದುಹೋಗಿತ್ತು. ಅಮ್ಮಾವರ ಮೇಲಿನದು ಇಳಿಯಲಿಲ್ಲ. ಅವರು ಬಹುಮಾನ ಹಿಂದಿರುಗಿಸಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ನನ್ನ ಟೊಪ್ಪಿಗೆಯೂ ಬರಲಿಲ್ಲ.

ಈಗ ಸಿಂಧನೂರಿನ ನಮ್ಮ ಮನೆಯಲ್ಲಿ ನೀವೂ ಹೆಣೆಯುತ್ತೀರಿ. ಮುಟ್ಟಿದರೆ ಬೆಕ್ಕಿನ ಮರಿಯಂತೆ ಮೆತ್ತಗಿರುವ ಉಲನ್ನು ಮನೆ ಬಾಗಿಲಿಗೇ ಬರುತ್ತದೆ. ವಿನ್ಯಾಸವನ್ನು ಫೋನಿನ ಚೌಕಗಳಲ್ಲಿ ಬಣ್ಣ ತುಂಬಿ ಬರೆಯುತ್ತೀರಿ. ಯಾವ ಕೋಳಿಯೂ ತಿನ್ನುವುದಿಲ್ಲ. ಕಳಿಸಲು ಒತ್ತಿದ ಮರುಕ್ಷಣವೇ ನೀವು ಕಾಣದ ದೇಶದ ಹೆಂಗಸೊಬ್ಬಳು ಅದನ್ನು ನೋಡಿ ಹೆಣೆಯಲು ಕೂರುತ್ತಾಳೆ. ಅದನ್ನು ಕಂಡರೆ ನನಗೆ ಹಿಗ್ಗು. ಆದರೆ ಹಂಚುವುದು ಹಗುರವಾದಷ್ಟೇ ಕದಿಯುವುದೂ ಹಗುರವಾಗಿದೆ.

ಹೋದ ವಾರ ಇಲ್ಲೇ ಕೂತಿರುವ ನಮ್ಮ ಮೊಮ್ಮಗಳು ಭತ್ತದ ಸಸಿಯ ಸಾಲು ಮೂಡಿಸಿದ ಶಾಲಿನ ವಿನ್ಯಾಸ ಮಾಡಿ ಎಲ್ಲರಿಗೂ ಪುಕ್ಕಟೆ ಕೊಟ್ಟಳು. ಯಾರೋ ಅದರಿಂದ ಅವಳ ಹೆಸರು ಕತ್ತರಿಸಿ, ತಮ್ಮ ಹೆಸರು ಹಾಕಿ ಮಾರಾಟಕ್ಕಿಟ್ಟರು. ನನ್ನ ಮೈ ಉರಿದುಹೋಯಿತು. ಇವಳು ಮಾತ್ರ, "ಹೋಗ್ಲಿ ಬಿಡು ತಾತ, ಆನ್‌ಲೈನ್‌ನಾಗ ಎಲ್ಲಾರೂ ಹಿಂಗ ಮಾಡ್ತಾರ. ನಾ ಇನ್ನ ಯಾವುದೂ ಹಾಕಂಗಿಲ್ಲ" ಎಂದು ಫೋನು ಬದಿಗಿಟ್ಟಳು.

ಅಕ್ಕ ಈಗ ವಳಕಮದಿನ್ನಿಯಲ್ಲಿ ಇದ್ದಾಳೆ. ಅಲ್ಲಿಗೇ ಮದುವೆ ಮಾಡಿಕೊಟ್ಟಿದ್ದೆವು. ಕಣ್ಣು ಮಂಜಾಗಿವೆ, ಕಿವಿ ಚೆನ್ನಾಗಿವೆ. ನಾನು ಅವಳಿಗೆ ಫೋನು ಹಚ್ಚಿ ಮೊಮ್ಮಗಳ ಕೈಗೆ ಕೊಟ್ಟೆ. ಅಕ್ಕ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮನೆಯವರಿಗೆಲ್ಲ ಕೇಳುವಷ್ಟು ಜೋರಾಗಿ ಕೇಳಿದಳು.

"ಕದ್ದವರಿಗೆ ಬೈದ್ಯೇನು?"

"ಇಲ್ಲಜ್ಜಿ."

"ಮೊದಲ ಬೈ. ಆಮ್ಯಾಲ ಇನ್ನೊಂದು ಮಾಡಿ ಹಾಕು."