ಮುಂದಿದ್ದವರು ಕಾಯಬೇಕು

ಹೋದ ವಾರ ಕೆಲಸಕ್ಕೆ ಹೊರಡುವ ಹೊತ್ತಿಗೆ ಅಂಗಿಯ ಗುಂಡಿಯೊಂದು ಕಿತ್ತು ಬಂತು. ಹೊಟ್ಟೆಯ ಮೇಲಿನದೇ. ಐವತ್ತು ದಾಟಿದವನ ಅಂಗಿಯಲ್ಲಿ ಮೊದಲು ಸೋಲೊಪ್ಪಿಕೊಳ್ಳುವುದು ಆ ಗುಂಡಿಯೇ ಎಂದು ನಿಮಗೆ ನಗು ಬಂದರೆ ನಗಿ, ನನ್ನ ಅಭ್ಯಂತರವಿಲ್ಲ. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತೂ ಇರಲಿಲ್ಲ, ಕಣ್ಣೂ ಇಲ್ಲ. ಒಂದು ಪಿನ್ನು ಸಿಕ್ಕರೆ ಸಾಕು ಎಂದು ಬೀರುವಿನ ಕೆಳಗಿನ ಖಾನೆಯಲ್ಲಿದ್ದ ಬಿಸ್ಕತ್ತಿನ ಡಬ್ಬಿ ತೆಗೆದೆ. ಒಂದು ಪಿನ್ನು ಎಳೆದರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಂದಕ್ಕೊಂದು ಪೋಣಿಸಿದ ಪಿನ್ನುಗಳ ಸರ ನನ್ನ ಕೈಯಿಂದ ಮೊಣಕಾಲಿನವರೆಗೆ ಇಳಿದು ತೂಗಾಡಿತು. ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಆ ದಿನ ನಾನು ಕೆಲಸಕ್ಕೆ ಅರ್ಧ ಗಂಟೆ ತಡವಾಗಿ ಹೋದೆ.

ಅವು ಓಟದ ಪಿನ್ನುಗಳು. ನೀವು ಭಾನುವಾರ ಬೆಳಿಗ್ಗೆ ಹಾಲು ತರಲು ಹೋದಾಗ, ಒಂದೇ ಬಣ್ಣದ ಟೀ ಶರ್ಟು ತೊಟ್ಟ ನೂರಾರು ಜನ ರಸ್ತೆ ತುಂಬ ಏದುಸಿರು ಬಿಡುತ್ತ ಬರುವುದನ್ನು ನೋಡಿರಬೇಕು. ಅವರ ಎದೆಯ ಮೇಲೆ ನಂಬರಿನ ಚೀಟಿ ಇರುತ್ತದಲ್ಲ, ಅದರ ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಮೂವರು ಓಡಿದರೆ ಹನ್ನೆರಡು. ಓಟ ಮುಗಿದ ಕೂಡಲೇ ನನ್ನ ಹೆಂಡತಿ ನಾಗವೇಣಿ ಮೂವರ ಎದೆಯಿಂದಲೂ ಪಿನ್ನು ಬಿಚ್ಚಿ ತನ್ನ ತಾಳಿ ಸರಕ್ಕೆ ಸಿಕ್ಕಿಸಿಕೊಂಡು, ಮನೆಗೆ ಬಂದು ಈ ಡಬ್ಬಿಗೆ ಸೇರಿಸುತ್ತಿದ್ದಳು. ಟೀ ಶರ್ಟುಗಳು ನೆಲ ಒರೆಸುವ ಬಟ್ಟೆಯಾದವು, ಮೆಡಲುಗಳು ಬಾಗಿಲ ಹಿಂದಿನ ಮೊಳೆಯಲ್ಲಿ ಧೂಳು ತಿಂದವು. ಪಿನ್ನು ಮಾತ್ರ ಒಂದೂ ಹೋಗಲಿಲ್ಲ.

ಓಡುವ ಹುಚ್ಚು ಮನೆಗೆ ತಂದವಳು ಅವಳೇ. ಬಾಗಲೂರಿನ ಹುಡುಗಿ, ಹೈಸ್ಕೂಲಿನಲ್ಲಿ ಖೋಖೋ ಆಡಿದವಳು. ನಾನೋ ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕುರ್ಚಿಗೆ ಅಂಟಿಕೊಂಡವನು. ಬಸ್ಸು ಹಿಡಿಯಲೂ ಓಡಿದವನಲ್ಲ, ಮುಂದಿನದು ಬರುತ್ತದಲ್ಲ ಎನ್ನುವ ಜಾತಿ. ಯಲಹಂಕದ ನಮ್ಮ ಬಡಾವಣೆಯ ಪಾರ್ಕಿನ ಬೇಲಿಗೆ ವಾಕಿಂಗ್ ಮಾಡುವವರ ಸಂಘದವರು ಬ್ಯಾನರು ಕಟ್ಟಿದ್ದರು. ಅದರ ಮುಂದೆ ಅವಳು ಸ್ಕೂಟರು ನಿಲ್ಲಿಸಿದಳು.

‘ಐದ್ ಕಿಲೋಮೀಟ್ರಂತೆ ಕಣ್ರೀ. ನಮ್ಮೂರಲ್ಲಿ ತ್ವಾಟಕ್ ಓಗಿ ಬಂದಂಗೆ. ಮೂರ್ ಜನಾನೂ ಓಡಣ.’

‘ನಾನಾ?’ ಎಂದೆ.

‘ಊಂ, ನೀವೇ. ಇಂದುಗಡೆಯಿಂದ ಬನ್ನಿ, ಯಾರ್ ಬ್ಯಾಡ ಅಂದ್ರು?’

ಹಾಗೆ ಹಿಂದುಗಡೆಯಿಂದ ಬರುವುದು ನನ್ನ ಕಾಯಂ ಹುದ್ದೆಯಾಯಿತು. ಶುರುವಿನಲ್ಲಿ ಧ್ವನಿವರ್ಧಕದ ಹಾಡಿಗೆ ಎಲ್ಲರೂ ಕೈಕಾಲು ಕುಣಿಸುವಾಗ ನನ್ನ ಉತ್ಸಾಹ ನೋಡಬೇಕಿತ್ತು. ಮೊದಲ ಕಿಲೋಮೀಟರಿಗೇ ಮಂಕಿ ಕ್ಯಾಪಿನ ಅಜ್ಜಂದಿರು ನನ್ನನ್ನು ದಾಟುತ್ತಿದ್ದರು. ಎರಡನೆಯದಕ್ಕೆ ಸೀರೆಗೆ ಶೂ ಹಾಕಿದ ಅತ್ತೆ-ಸೊಸೆ, ಸೊಪ್ಪಿನ ರೇಟು ಮಾತಾಡುತ್ತ ದಾಟುತ್ತಿದ್ದರು. ಏಳು ವರ್ಷದ ನನ್ನ ಮಗಳು ಸಿಂಧು ಅವಳಮ್ಮನ ಪಕ್ಕ ಪುಟುಪುಟು ಓಡಿ ತಿರುವಿನಲ್ಲಿ ಮಾಯವಾಗುತ್ತಿದ್ದಳು. ಮೊದಲ ಸಲವಂತೂ ನಾನು ಮುಟ್ಟುವ ಹೊತ್ತಿಗೆ ಗಾಳಿ ತುಂಬಿದ ಕಮಾನನ್ನು ಚಾಪೆಯಂತೆ ಸುತ್ತುತ್ತಿದ್ದರು. ಕೇಸರಿಬಾತು ಮುಗಿದಿತ್ತು.

ಅದನ್ನು ಕಂಡು ವೇಣಿಗೆ ಪಿಚ್ಚೆನಿಸಿತು. ‘ಮನೆಯಿಂದ ಒಟ್ಗೆ ಓಗಿ, ಅಲ್ಲಿ ಬ್ಯಾರೆ ಬ್ಯಾರೆ ಗೆರೆ ದಾಟೋದು ಚೆಂದಾಗಿಲ್ಲ ಕಣ್ರೀ’ ಎಂದಳು. ಅಂದಿನಿಂದ ಮನೆಯಲ್ಲಿ ಒಂದು ಕಾನೂನು ಬಂತು. ಓಟ ಮುಗಿಯುವ ಸ್ವಲ್ಪ ಮೊದಲು ಒಂದು ಮರ ಗೊತ್ತು ಮಾಡುವುದು. ಯಾರು ಮುಂದಿದ್ದಾರೋ ಅವರು ಆ ಮರದ ಕೆಳಗೆ ನಿಂತು ಹಿಂದಿನವರಿಗೆ ಕಾಯುವುದು. ಆಮೇಲೆ ಮೂವರೂ ಕೈ ಹಿಡಿದುಕೊಂಡು ಗೆರೆ ದಾಟುವುದು. ಶನಿವಾರ ಸಂಜೆ ಸ್ಕೂಟರಿನಲ್ಲಿ ಮೂವರೂ ಹೋಗಿ ಮರ ನೋಡಿಕೊಂಡು ಬರುತ್ತಿದ್ದೆವು. ಜನ ಮಗಳಿಗೆ ಗಂಡು ನೋಡಲು ಹೋಗುವಷ್ಟು ಗಂಭೀರವಾಗಿ ನಾವು ಮರ ನೋಡಲು ಹೋಗುತ್ತಿದ್ದೆವು ಎಂದರೆ ನೀವು ನಂಬಲಿಕ್ಕಿಲ್ಲ. ಆರ್.ಟಿ. ನಗರದಲ್ಲಿ ಒಂದು ಗುಲ್‌ಮೊಹರ್ ಸಿಕ್ಕಿತು. ಹೆಬ್ಬಾಳದಲ್ಲಿ ಮರವೇ ಸಿಗದೆ, ಫ್ಲೈಓವರಿನ ಕಂಬವೊಂದನ್ನು ಮರವೆಂದು ತಿಳಿಯತಕ್ಕದ್ದು ಎಂದು ಸಿಂಧು ತೀರ್ಪು ಕೊಟ್ಟಳು. ಯಲಹಂಕದ ಓಟಕ್ಕೆ ಮಾತ್ರ ಪ್ರತಿ ವರ್ಷವೂ ಒಂದೇ ಮರ: ಕೊನೆಯ ತಿರುವಿನಲ್ಲಿ, ಹಾಲಿನ ಬೂತಿನ ಪಕ್ಕದ ಮಳೆಮರ.

ಕಾನೂನು ಮಾಡಿದ್ದು ಮೂವರಿಗಾದರೂ ಅದು ನಡೆದದ್ದು ನನಗಾಗಿ. ಅವರಿಬ್ಬರು ಕಾಯುತ್ತಿದ್ದರು, ನಾನು ಬರುತ್ತಿದ್ದೆ. ದೂರದಿಂದಲೇ ಸಿಂಧು ‘ಅಪ್ಪ ಬಂತೂ’ ಎಂದು ಕೂಗುತ್ತಿದ್ದಳು. ಆ ಒಂದು ಕೂಗಿಗಾಗಿ ನಾನು ನಾಲ್ಕೂವರೆ ಕಿಲೋಮೀಟರು ಕಾಲೆಳೆಯುತ್ತಿದ್ದೆ ಎಂದರೂ ಸರಿಯೇ.

ಇನ್ನು ಆ ಒಂದು ದಿನದ ವಿಷಯ ಹೇಳಬೇಕು. ಸಿಂಧುವಿಗೆ ಆಗ ಎಂಟು ವರ್ಷ. ಅದೇ ಯಲಹಂಕದ ಓಟ, ಅದೇ ಮಳೆಮರ. ನಾನು ಎಂದಿನಂತೆ ಉಬ್ಬಸ ಪಡುತ್ತ ತಿರುವಿಗೆ ಬಂದೆ. ಮರದ ಕೆಳಗೆ ಯಾರೂ ಇಲ್ಲ. ಹಾಲಿನ ಬೂತಿನವನು ಖಾಲಿ ಟ್ರೇ ಜೋಡಿಸುತ್ತಿದ್ದ, ಅಷ್ಟೇ. ಕಾದು ಕಾದು ಬೇಸತ್ತು ಬಿಟ್ಟು ಹೋದರು ಎಂದುಕೊಂಡೆ. ನಾನು ಮುನಿಸಿನ ಮನುಷ್ಯ, ಮುಚ್ಚಿಡುವುದೇನಿದೆ? ಬಿಟ್ಟು ಹೋದರೆ ಹೋಗಲಿ ಎಂದು ಒಬ್ಬನೇ ಗೆರೆ ದಾಟಿದೆ. ಒಬ್ಬನೇ ಇಡ್ಲಿ ತಿಂದೆ. ಅವರನ್ನು ಹುಡುಕಲೂ ಇಲ್ಲ. ಎರಡು ಕಿಲೋಮೀಟರು ನಡೆದು, ಪಕ್ಕದ ಮನೆಯಿಂದ ಕೀಲಿ ಇಸಿದುಕೊಂಡು, ಸ್ನಾನ ಮಾಡಿ, ಪೇಪರು ಹಿಡಿದು ಕುಳಿತೆ. ಪೇಪರು ಓದಿದೆನೆಂದಲ್ಲ, ಅವರು ಬಂದಾಗ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ನಮ್ಮ ಮೂವರಿಗಿದ್ದ ಒಂದೇ ಫೋನು ವೇಣಿಯ ಸೊಂಟದ ಚೀಲದಲ್ಲಿತ್ತು.

ಹತ್ತೂವರೆಗೆ ಬಾಗಿಲು ತೆರೆಯಿತು. ಜೋಡಿಸಿಟ್ಟಿದ್ದ ಮೊದಲ ಮಾತು ತಾನಾಗಿಯೇ ಹೊರಬಿತ್ತು: ‘ಬಂದ್ರಾ ಮಹಾರಾಣಿಯರು?’

ವೇಣಿಯ ಶೂ ಕೆಸರಾಗಿತ್ತು, ಮೊಣಕೈ ತರಚಿತ್ತು. ಸಿಂಧುವಿನ ಕಣ್ಣು ಅತ್ತು ಅತ್ತು ಊದಿತ್ತು. ನಡೆದದ್ದಿಷ್ಟು. ಅರ್ಧ ದಾರಿಯಲ್ಲಿ ಸಿಂಧುವಿಗೆ ಒಂದಕ್ಕೆ ಅವಸರವಾಗಿದೆ. ವೇಣಿ, ಅಂಗಳಕ್ಕೆ ನೀರು ಹಾಕುತ್ತಿದ್ದ ಯಾರೋ ಹೆಂಗಸನ್ನು ಕೇಳಿಕೊಂಡು ಅವರ ಮನೆಯೊಳಗೆ ಕರೆದುಕೊಂಡು ಹೋಗಿದ್ದಾಳೆ. ಅಷ್ಟರಲ್ಲಿ ನಾನು ಅವರನ್ನು ದಾಟಿದ್ದೇನೆ. ಆಮೇಲೆ ಅವರು ಬಂದು ಮರದ ಕೆಳಗೆ ನಿಂತಿದ್ದಾರೆ. ನಿಂತೇ ಇದ್ದಾರೆ. ಓಟದ ಕಟ್ಟಕಡೆಯಲ್ಲಿ ಬರುವ ಆಂಬುಲೆನ್ಸೂ ಬಂದು, ಅದರ ಡ್ರೈವರು ‘ಹಿಂದೆ ಯಾರೂ ಇಲ್ಲಮ್ಮ’ ಎಂದಾಗ ಸಿಂಧು ಅಳಲು ಶುರು ಮಾಡಿದ್ದಾಳೆ. ಅಪ್ಪ ಎಲ್ಲೋ ಎದೆ ಹಿಡಿದುಕೊಂಡು ಬಿದ್ದಿದ್ದಾನೆ ಎಂದೇ ಇಬ್ಬರಿಗೂ ಖಾತ್ರಿ. ಮಗಳನ್ನು ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, ವೇಣಿ ಅದರ ಪಕ್ಕದಲ್ಲೇ ಇಡೀ ದಾರಿಯನ್ನು ಹಿಂದಕ್ಕೆ ಓಡಿದ್ದಾಳೆ, ಕೆರೆಯ ಏರಿಯ ಪೊದೆ ಪೊದೆಯಲ್ಲೂ ಇಣುಕುತ್ತ. ಕೊನೆಗೆ ಓಟ ಶುರುವಾಗಿ ಮುಗಿಯುವ ಮೈದಾನದಲ್ಲಿ ಯಾರೋ ಪಟ್ಟಿ ನೋಡಿ, ಈ ನಂಬರಿನವರು ಆಗಲೇ ಮುಗಿಸಿಯಾಯಿತಲ್ಲ ಎಂದಿದ್ದಾರೆ.

ವೇಣಿ ನನ್ನ ಭುಜ, ತೋಳು ಮುಟ್ಟಿ ನೋಡಿದಳು. ಆಮೇಲೆ ನೆಲದ ಮೇಲೆ ಕುಸಿದು ಕುಳಿತು ನಗತೊಡಗಿದಳು. ‘ನೀವು ಮುಂದ್ಗಡೆ ಇರ್ತೀರ ಅಂತ ನಂಗ್ ಒಳೀಲೇ ಇಲ್ವಲ್ರೀ!’

‘ನಂಗೂ ಹೊಳೀಲಿಲ್ಲ ಕಣೇ’ ಎಂದೆ. ಅದು ಸತ್ಯ. ಅವರು ಹಿಂದಿರಬಹುದು ಎಂಬ ಯೋಚನೆ ನನ್ನ ತಲೆಯ ಹತ್ತಿರವೂ ಸುಳಿದಿರಲಿಲ್ಲ.

ಸಿಂಧು ನಗಲಿಲ್ಲ. ಬಾಗಿಲಲ್ಲೇ ನಿಂತು, ‘ಮುಂದೆ ಇರೋರು ತಾನೇ ಕಾಯ್ಬೇಕು? ನೀನ್ ಮುಂದೆ ಇದ್ದೆ. ನೀನ್ ಕಾಯ್ಲಿಲ್ಲ’ ಎಂದಳು. ವೇಣಿ ಅದನ್ನು ವರ್ಷಗಟ್ಟಲೆ ನೆಂಟರಿಷ್ಟರ ಮುಂದೆಲ್ಲ ಹೇಳಿ ನಗಿಸಿದಳು. ಹೇಳುವಾಗೆಲ್ಲ ಸಿಂಧು ಎದ್ದು ಒಳಗೆ ಹೋಗುತ್ತಿದ್ದಳು.

ವೇಣಿ ಹೋಗಿ ಎರಡು ವರ್ಷವಾಯಿತು. ಕಾಯಿಲೆ ಎಂದು ಗೊತ್ತಾದ ಐದು ತಿಂಗಳಿಗೆ ಹೋದಳು. ಅದರ ಬಗ್ಗೆ ಬರೆಯಲು ನನಗೆ ಇನ್ನೂ ಬರುವುದಿಲ್ಲ, ಕ್ಷಮಿಸಿ. ಬರೆಯಬೇಕಾದದ್ದು ಆಮೇಲೆ ನಾನು ಮಾಡಿದ್ದನ್ನು. ಅವಳ ಓಟದ ಶೂ ಬಾಗಿಲ ಪಕ್ಕದ ಗೂಡಿನಲ್ಲಿತ್ತು, ಮುಖ ಹೊರಗೆ ಮಾಡಿಕೊಂಡು, ಈಗ ಹೊರಡೋಣ ಎನ್ನುವ ಹಾಗೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆಂದು ಬಾಗಿಲು ತೆಗೆದರೆ ಮೊದಲು ಕಾಣುವುದೇ ಅದು. ಮೂರು ತಿಂಗಳು ನೋಡಿದೆ. ನಾಲ್ಕನೆಯ ತಿಂಗಳು ಆಗಲಿಲ್ಲ. ಶೂ, ಟೀ ಶರ್ಟು, ಸೊಂಟದ ಚೀಲ ಎಲ್ಲವನ್ನೂ ಗಂಟು ಕಟ್ಟಿ, ಹಳೆ ಬಟ್ಟೆ ಒಯ್ಯುವ ಆಶ್ರಮದವರಿಗೆ ಕೊಟ್ಟುಬಿಟ್ಟೆ. ಪರವಾಗಿಲ್ಲ, ಮನಸ್ಸು ಗಟ್ಟಿ ಮಾಡಿಕೊಂಡಿದ್ದೀರಿ ಎಂದರು ನೆರೆಯವರು. ನಾನೂ ಹಾಗೆಯೇ ತಿಳಿದಿದ್ದೆ.

ಧಾರವಾಡದಲ್ಲಿ ಓದುತ್ತಿದ್ದ ಸಿಂಧು ದೀಪಾವಳಿಗೆ ಬಂದಳು. ಚಪ್ಪಲಿ ಬಿಡಲು ಗೂಡಿನ ಕಡೆ ಬಗ್ಗಿದವಳು ಹಾಗೆಯೇ ನಿಂತಳು.

‘ಅಪ್ಪ, ಅಮ್ಮನ ಶೂ ಎಲ್ಲಿ?’

‘ಕೊಟ್ಬಿಟ್ಟೆ ಕಣೇ. ಎಷ್ಟ್ ದಿನ ಅಂತ ಇಟ್ಕೊಂಡ್ ಕೂರೋದು?’

‘ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?’

‘ಕೇಳಿದ್ರೆ ನೀನು ಬೇಡ ಅಂತಿದ್ದೆ.’

‘ಹೂಂ, ಅಂತಿದ್ದೆ. ನಂಗಿನ್ನೂ ಆಗಿಲ್ಲ ಅಪ್ಪ’ ಎಂದಳು. ಚಪ್ಪಲಿಯನ್ನು ಗೂಡಿನ ಹೊರಗೇ ಬಿಟ್ಟು, ‘ನೀನ್ ಅವತ್ತೂ ಕಾಯ್ಲಿಲ್ಲ’ ಎಂದಳು.

ಆ ಶೂ ನೋಡಲಾಗದೆ ಕೊಟ್ಟೆ, ಮರೆತು ಕೊಟ್ಟಿದ್ದಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಮುನಿಸಿಕೊಂಡೆ. ರಜೆ ಇನ್ನೂ ಎರಡು ದಿನ ಇರುವಾಗಲೇ ಅವಳು ಹೊರಟುಹೋದಳು. ಅಲ್ಲಿಂದೀಚೆಗೆ ಯುಗಾದಿಗೂ ಬಂದಿಲ್ಲ. ಓದು ಮುಗಿದರೂ ಅಲ್ಲೇ ಒಂದು ಕೆಲಸ ಹಿಡಿದಳು. ವಾರಕ್ಕೊಮ್ಮೆ ಫೋನು: ಊಟ ಆಯ್ತಾ, ಆಯ್ತು, ನಿಂದು, ಆಯ್ತು. ಅಷ್ಟೇ. ಫೋನು ಇಟ್ಟ ಮೇಲೆ ಮನೆ ಎಷ್ಟು ಖಾಲಿ ಎನಿಸುತ್ತದೆಂದರೆ, ಎರಡು ಕೋಣೆಯ ಮನೆಯಲ್ಲಿ ಫ್ರಿಜ್ಜಿನ ಸದ್ದಿಗೆ ನಾನು ‘ಏನು?’ ಎಂದದ್ದುಂಟು.

ಇಂಥ ಮನೆಯಲ್ಲಿ ಆ ಪಿನ್ನಿನ ಸರ ಸಿಕ್ಕಿದ್ದು. ನಾನು ಕೊಡಲು ಮರೆತಿದ್ದ ಒಂದೇ ವಸ್ತು. ಹಿಡಿದುಕೊಂಡು ಮಂಚದ ಮೇಲೆ ಕುಳಿತಾಗ, ಮಗಳು ಅಂದದ್ದು ನನಗೆ ಮೊದಲ ಬಾರಿ ಸರಿಯಾಗಿ ಕೇಳಿಸಿತು. ದುಃಖದಲ್ಲೂ ನಾನೇ ಹಿಂದೆ ಬಿದ್ದವನು, ನನಗೇ ಎಲ್ಲರೂ ಕಾಯಬೇಕು ಎಂದುಕೊಂಡಿದ್ದೆ. ಅವಳು ನನಗಿಂತ ಹಿಂದಿದ್ದಳು. ನಾನು ದಾಟಿ ಬಂದುಬಿಟ್ಟಿದ್ದೆ.

ಅಂದು ಸಂಜೆ, ವಾರದ ಫೋನಿನ ದಿನ ನೋಡದೆ, ಫೋನು ಮಾಡಿದೆ.

‘ಅಮ್ಮನ ಪಿನ್ನು ಸಿಕ್ತು ಕಣೇ. ಓಟದ್ದು. ಡಬ್ಬಿ ತುಂಬ ಇದೆ.’

‘ಕೊಟ್ಬಿಡ್ಬೇಡ’ ಎಂದಳು.

‘ಇಲ್ಲ. ಶೂ ಕೊಟ್ಟಿದ್ದು ತಪ್ಪಾಯ್ತು ಸಿಂಧು. ನಂಗ್ ಅದನ್ನ ನೋಡಕ್ಕಾಗ್ತಿರ್ಲಿಲ್ಲ.’

‘ಹೂಂ.’

‘ಭಾನುವಾರ ನಮ್ಮ ಓಟ ಇದೆ. ನಿನ್ ಹೆಸರೂ ಬರ್ಸಿದೀನಿ. ಮರದ ಕೆಳಗಿರ್ತೀನಿ.’

‘ಬೇಡ ಅಪ್ಪ. ನಂಗಾಗಲ್ಲ. ನೀನ್ ಕಾಯ್ಬೇಡ.’

ಶನಿವಾರ ಸಂಜೆ ಒಬ್ಬನೇ ಹೋಗಿ ಮರ ನೋಡಿಕೊಂಡು ಬಂದೆ. ರಸ್ತೆಗೆ ಕಾಂಕ್ರೀಟು ಹಾಕುವಾಗ ಒಂದು ಕಡೆಯ ಕೊಂಬೆಗಳನ್ನು ಕಡಿದಿದ್ದಾರೆ. ಇನ್ನೊಂದು ಕಡೆ ನೆರಳಿದೆ. ಹಾಲಿನ ಬೂತು ಹಾಗೆಯೇ ಇದೆ. ಮರುದಿನ ಬೆಳಿಗ್ಗೆ ಸರದಿಂದ ಎಂಟು ಪಿನ್ನು ಬಿಚ್ಚಿದೆ. ನಾಲ್ಕು ನನ್ನ ಎದೆಗೆ. ನಾಲ್ಕನ್ನು ಸಿಂಧುವಿನ ನಂಬರಿನ ಚೀಟಿಗೆ ಚುಚ್ಚಿ ಮಡಿಸಿ ಜೇಬಿಗೆ ಹಾಕಿದೆ. ಓಡಿದೆ ಎಂದರೆ ಓಟಕ್ಕೆ ಅವಮಾನ, ನಡೆದೆ. ಅಜ್ಜಂದಿರು ದಾಟಿದರು, ಅತ್ತೆ-ಸೊಸೆಯಂದಿರು ದಾಟಿದರು, ಒಬ್ಬಾಕೆ ಮಗುವಿನ ಗಾಡಿ ತಳ್ಳಿಕೊಂಡು ದಾಟಿದಳು. ಕೊನೆಯ ತಿರುವಿಗೆ ಬಂದು ಮಳೆಮರದ ಕೆಳಗೆ ನಿಂತೆ. ‘ಮರದ ಹತ್ರ ಇದೀನಿ’ ಎಂದು ಸಿಂಧುವಿಗೆ ಮೆಸೇಜು ಕಳಿಸಿದೆ. ನೋಡಿದಳು ಎಂದು ಫೋನು ತೋರಿಸಿತು. ಉತ್ತರವಿಲ್ಲ. ಮೇಲೆ ವಾಯುನೆಲೆಯ ವಿಮಾನವೊಂದು ಸುತ್ತು ಹಾಕಿ ಹೋಯಿತು.

ಕಟ್ಟಕಡೆಗೆ ಆಂಬುಲೆನ್ಸು ಬಂದು ನನ್ನ ಪಕ್ಕ ನಿಂತಿತು. ನರೆತ ಮೀಸೆಯ ಡ್ರೈವರು ತಲೆ ಹೊರಗೆ ಹಾಕಿದ.

‘ನಡೀರಿ ಸಾರ್, ನೀವೇ ಲಾಸ್ಟು. ಹಿಂದೆ ಯಾರೂ ಇಲ್ಲ.’

‘ನನ್ ಮಗಳು ಬರ್ಬೇಕು.’

‘ಎಲ್ಲಿದಾರೆ ಸಾರ್?’

‘ಧಾರವಾಡದಲ್ಲಿ.’

ಅವನು ನನ್ನ ಮುಖ, ಎದೆಯ ನಂಬರು, ಮತ್ತೆ ಮುಖ ನೋಡಿದ. ಇಂಜಿನ್ನು ಆಫ್ ಮಾಡಿದ.

‘ಮತ್ತೆ ನೀವ್ಯಾಕ್ ಸಾರ್ ಇಲ್ಲಿ ನಿಂತಿದೀರ?’

‘ಮುಂದೆ ಇರೋರು ಕಾಯ್ಬೇಕಪ್ಪ’ ಎಂದೆ. ‘ನಾನು ಮುಂದೆ ಇದೀನಿ.’