ಕಣ್ಣು ಮುಚ್ಚಿ ಕಲಿತ ಸಾಲ್ಸಾ

ಸಂಗೀತವು ಮನುಷ್ಯನನ್ನು ಎಲ್ಲಿಂದ ಎಲ್ಲಿಗೋ ಒಯ್ಯಬಲ್ಲದು. ಮದುಮಗನನ್ನು ಮಾರುತಿ ಗುಡಿಯಿಂದ ಮಂಗಲ ಕಾರ್ಯಾಲಯಕ್ಕೆ ಮಾತ್ರ ಒಯ್ಯಲಾರದು ಎಂಬುದನ್ನು ನಾನು ಮಹಾರಾಷ್ಟ್ರದ ಮಗ್ಗದೂರು ಇಚಲಕರಂಜಿಯಲ್ಲಿ ಕಂಡೆ.

ಎಪ್ಪತ್ತರ ದಶಕದ ಕೊನೆ. ಸಂಕೇಶ್ವರದ ಕಡೆಯ ನಮ್ಮೂರಲ್ಲಿ ಹಲಗೆ ಬಾರಿಸುತ್ತಿದ್ದವನು ಇಲ್ಲಿಯ ಮದುವೆ ಬ್ಯಾಂಡಿಗೆ ಬಂದಿದ್ದೆ. ಊರಲ್ಲಿ ಹಲಗೆ ಸದ್ದಾದರೆ ಮಂದಿ ಬಾಗಿಲಿಗೆ ಬರುತ್ತಿದ್ದರು. ಇಲ್ಲಿ ಮಗ್ಗಗಳ ಖಟಖಟದ ನಡುವೆ ಯಾರೂ ತಲೆ ಎತ್ತುತ್ತಿರಲಿಲ್ಲ. ಬ್ಯಾಂಡ್ ಮಾಸ್ತರರು ನನ್ನನ್ನು ‘ಕಾನಡಿ’ ಎನ್ನುತ್ತಿದ್ದರು, ಅಂದರೆ ಕನ್ನಡದವನು.

“ಒಂದ್ ಲಗ್ನ ನೋಡ್ತೀನಿ. ಚಲೋ ಬಾರಿಸಿದ್ರ ಇರು, ಇಲ್ಲಂದ್ರ ನಿಮ್ಮೂರ ಎಸ್‌ಟಿ ಬಸ್ ಹಿಡಿ,” ಎಂದಿದ್ದರು.

ಹೊಸ ಧಾಟಿಯನ್ನು ಸಿನೆಮಾದಿಂದ ಎತ್ತಿ ತರುವುದು ಇಲ್ಲಿಯ ಬ್ಯಾಂಡುಗಳ ಪದ್ಧತಿ. ಕಹಳೆಯವನು ಕಹಳೆಯನ್ನಷ್ಟೇ ಕೇಳಬೇಕು, ಡೋಲಿನವನು ಡೋಲನ್ನಷ್ಟೇ. ರವಿವಾರ ಬೆಳಿಗ್ಗೆ ಮಾಸ್ತರರು ನಮ್ಮನ್ನು ಕೊಲ್ಹಾಪುರದ ಟಾಕೀಜಿಗೆ, ಒಂದು ಇಂಗ್ಲಿಷ್ ಸಿನೆಮಾಕ್ಕೆ ಕರೆದೊಯ್ದರು. ಅದರಲ್ಲಿದ್ದದ್ದು ಸಾಲ್ಸಾ, ಕ್ಯೂಬಾ ಕಡೆಯ ಹಳೆಯ ಕುಣಿತಗಳಿಂದ ಹುಟ್ಟಿದ ಸಂಗೀತ. ನನ್ನ ಪಾಲಿಗೆ ಬಂದದ್ದು ಎರಡು ಕೋಲುಗಳ ಟಕಟಕ.

“ಚಿತ್ರ ನೋಡಿದ್ರ ಕಿವಿ ಕೆಡ್ತಾವ. ಕಣ್ಣ ಮುಚ್ರಿ,” ಎಂದರು. ಟಿಕೀಟು ತೆಗೆಸಿ ಕಣ್ಣು ಮುಚ್ಚಿಸಿದ ಮಹನೀಯರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು.

ಲಗ್ನದ ದಿನ ಬಂತು. ವರನ ಕಡೆಯವರು ಗಡಹಿಂಗ್ಲಜದವರು. ಮಾರುತಿ ಗುಡಿಯ ಮುಂದೆ ಸಾಲ್ಸಾ ಶುರುವಾದದ್ದೇ ತಡ, ಅವರೆಲ್ಲ ನಿಂತಲ್ಲೇ ಸುತ್ತತೊಡಗಿದರು. ಪಾಳಿ ಬಿಟ್ಟು ಬಂದ ಮಗ್ಗದವರೂ ಸೈಕಲ್ ಗೋಡೆಗೆ ಒರಗಿಸಿ ಕುಣಿತಕ್ಕಿಳಿದರು. ಮದುಮಗ ಕೂತ ಕುದುರೆ ಹೆಜ್ಜೆ ಎತ್ತಲೊಲ್ಲದು. ವಧುವಿನ ತಂದೆ ಓಡಿ ಬಂದರು.

“ಮಾಸ್ತರ, ಅಕ್ಕಿಕಾಳ ಹಾಕೋ ಮುಹೂರ್ತದ ಹೊತ್ತಾತ್ರಿ. ಬೀಗರು ಗಾಣದ ಎತ್ತಿನಂಗ ಅಲ್ಲೇ ತಿರಗಾಕತ್ತಾರ.”

ಮಾಸ್ತರರು ನಮ್ಮ ಕಡೆ ತಿರುಗಿದರು. “ಸಿನೆಮಾದಾಗ ಅವ್ರು ಹೆಂಗ ನಡೀತಿದ್ರು?”

ಕಹಳೆಯವನು ಮೆಲ್ಲಗೆ ಹೇಳಿದ: “ನಡೀಲೇ ಇಲ್ರಿ. ನಿಂತಲ್ಲೇ ಕುಣೀತಿದ್ರು.”

“ಮೊದಲ ಯಾಕ ಹೇಳಲಿಲ್ಲೋ?”

“ಕಣ್ಣ ಮುಚ್ಚಂದಿದ್ರಲ್ರಿ.”

ಎಸ್‌ಟಿ ಸ್ಟ್ಯಾಂಡು ಅಲ್ಲಿಂದ ದೂರವಿರಲಿಲ್ಲ. ನನ್ನ ಕಣ್ಣಿಗೆ ಅದೇ ಕಟ್ಟಿತು. ಕೋಲುಗಳನ್ನು ನಡುವಿಗೆ ಸಿಕ್ಕಿಸಿ, ಪಕ್ಕದವನ ಡ್ರಮ್ಮು ಕಿತ್ತುಕೊಂಡು, ನಮ್ಮೂರ ಮೆರವಣಿಗೆಯ ನಡಿಗೆಪೆಟ್ಟು ಬಾರಿಸಿದೆ. ಮೊದಲು ಕುದುರೆ ಸರಿಯಿತು, ಆಮೇಲೆ ಬೀಗರು.

ಕಾರ್ಯಾಲಯದ ಬಾಗಿಲಲ್ಲಿ ಮಗ್ಗದವರು ನಮ್ಮನ್ನು ಅಡ್ಡಗಟ್ಟಿದರು. “ಮಘಾಚಂ ವಾಜವಾ ಕೀ!” ಆಗ ಬಾರಿಸಿದ ಸಾಲ್ಸಾವನ್ನೇ ಬಾರಿಸಬೇಕಂತೆ. ಕ್ಯೂಬಾ ಎಲ್ಲಿದೆಯೆಂದು ಅವರಿಗೂ ಗೊತ್ತಿಲ್ಲ, ನಮಗೂ ಇಲ್ಲ, ಬಾರಿಸಿದೆವು.

ಈಗ ಊರಿಗೆ ಹೋಗಿ ಹಲಗೆ ಹಿಡಿದರೆ ನಡುವೆ ಆ ಟಕಟಕ ನುಸುಳುತ್ತದೆ. “ಪರದೇಶಿ ಆಗ್ಯಾನ,” ಎನ್ನುತ್ತಾರೆ ನಮ್ಮ ಕಾಕಾ. ಇಲ್ಲಿ ಇನ್ನೂ ನಾನು ಕಾನಡಿಯೇ.

ಅಂದು ಅಕ್ಕಿಕಾಳು ತಡವಾಗಿ ಬಿದ್ದವು. ಮಾಸ್ತರರು ನನ್ನನ್ನು ಇಟ್ಟುಕೊಂಡರು.